ಹಗೇವಿನ ಮೇಲಿನ ಗಾಜು

ಗುರುಬಸವ ಕ್ಯಾಮೆರಾದ ಸ್ಟ್ಯಾಂಡನ್ನು ನೆಲಕ್ಕೆ ಊರಿ ಒಂದು ಕಣ್ಣು ಮುಚ್ಚಿದ್ದಷ್ಟೇ, ನಡುಮನೆಯ ನೆಲದೊಳಗಿನ ದೀಪ ಎರಡು ಸಲ ಮಿಣುಕಿ ಆರಿಹೋಯಿತು. ಅಲ್ಲಿಯವರೆಗೆ ಬಂಗಾರದ ತಟ್ಟೆಯಂತೆ ಹೊಳೆಯುತ್ತಿದ್ದ ದುಂಡನೆಯ ಗಾಜು ಈಗ ಸುಟ್ಟ ಹಂಚಿನ ಹಾಗೆ ಕಪ್ಪಗೆ ಬಿದ್ದಿತ್ತು.

“ಇದನ್ನ ಬಿಟ್ಟು ಏನ ತಗೀಲ್ರಿ ಮೇಡಂ?” ಎಂದ ಅವನು, ಮುಚ್ಚಿದ ಕಣ್ಣನ್ನು ತೆರೆಯದೆ. “ಪತ್ರಿಕಾದವರು ಇದಕ್ಕಂತನ ಹುಬ್ಬಳ್ಳಿಯಿಂದ ನನ್ನ ಕಳಿಸ್ಯಾರ.”

ಹಸೀಬಾ ಗೋಡೆಯ ಗಡಿಯಾರ ನೋಡಿದಳು, ಆಮೇಲೆ ಮೂಡಣ ದಿಕ್ಕಿನ ಕಮಾನುಗಳನ್ನು ನೋಡಿದಳು. ಬಿಸಿಲು ಓರೆಯಾಗಿ ಒಳಗೆ ಬಂದು ನೆಲದ ಮೇಲೆ ಬಿಲ್ಲುಬಿಲ್ಲಾಗಿ ಬೀಳುವುದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಆ ಬಿಸಿಲು, ಈ ದೀಪ ಎರಡೂ ಒಂದೇ ಚಿತ್ರದಲ್ಲಿ ಬಂದರೆ ಮುಖಪುಟ ಎಂದು ಪತ್ರಿಕೆಯ ಹೆಣ್ಣುಮಗಳು ಫೋನಿನಲ್ಲಿ ಹೇಳಿದ್ದಳು. ಇಲ್ಲದಿದ್ದರೆ ಒಳಪುಟ, ಟೈಲ್ಸ್ ಜಾಹೀರಾತಿನ ಪಕ್ಕ.

ಹಸೀಬಾಳಿಗೆ ಮುಖಪುಟ ಬೇಕಿತ್ತು. ಅವಳ ಗಂಡ ಜಹೀರ ಶ್ರೀರಾಮನಗರದಲ್ಲಿ ಅಕ್ಕಿ ವ್ಯಾಪಾರ ಮಾಡುವವನು. ಗಂಗಾವತಿಯಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿಸಿ ಮೇಲೆ ಗಾಜಿನ ಗುಮ್ಮಟ ಇಡಿಸುವುದು ಬಿಟ್ಟು, ಇರಕಲ್ಲಗಡದ ಆಚೆ ಹೊಲದ ನಡುವೆ ಜಾಗೀರದಾರರ ಹಳೆಯ ತಬೇಲಾ ಕೊಂಡಿದ್ದ. ಕೊಳ್ಳಿಸಿದವಳು ಹಸೀಬಾ. ನಿಜಾಮನ ಕಾಲದಲ್ಲಿ ಅಲ್ಲಿ ಕುದುರೆ ಕಟ್ಟುತ್ತಿದ್ದರು. ಕುದುರೆ ಹೋದ ಮೇಲೆ ಎತ್ತು, ಎತ್ತು ಹೋದ ಮೇಲೆ ಟ್ರ್ಯಾಕ್ಟರು, ಟ್ರ್ಯಾಕ್ಟರು ಹೋದ ಮೇಲೆ ಆಡು. ಆಡುಗಳೂ ಬೇಡವೆಂದ ಮೇಲೆ ಇಸ್ಪೀಟು ಆಡುವವರು ಬಂದು ಕೂತಿದ್ದರು. ಅವರನ್ನು ಎಬ್ಬಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಎರಡು ವರ್ಷದ ಕೆಲಸ. ಕಲ್ಲಿನ ಕಮಾನುಗಳ ಸುಣ್ಣ ಕೆರೆಸಿ, ತೇಗದ ತೊಲೆಗಳಿಗೆ ಎಣ್ಣೆ ತಿಕ್ಕಿಸಿ, ಕುದುರೆಗಳು ಹುರುಳಿ ತಿನ್ನುತ್ತಿದ್ದ ಕಲ್ಲಿನ ಗ್ವಾದಲಿಗಳನ್ನು ಗೋಡೆಗುಂಟ ಹಾಗೇ ಉಳಿಸಿಕೊಂಡು ಅವುಗಳಲ್ಲಿ ಪುಸ್ತಕ ಜೋಡಿಸಿದ್ದಳು. ಊರವರೆಲ್ಲ ತಮ್ಮ ಮನೆಯ ಗ್ವಾದಲಿ ಒಡೆದು ಆ ಜಾಗದಲ್ಲಿ ಸೋಫಾ ಹಾಕುತ್ತಿದ್ದ ಕಾಲ ಅದು. ನೋಡಲು ಬಂದ ಹೆಂಗಸರು ಎಲ್ಲ ನೋಡಿ, ಚಹಾ ಕುಡಿದು, ಹೊರಡುವಾಗ ದನ ಎಲ್ಲಿ ಕಟ್ಟುತ್ತೀರಿ ಎಂದು ಕೇಳಿ ಹೋದರು. ಗಂಗಾವತಿಯ ಅಕ್ಕತಂಗಿಯರು ಅವಳಿಗೆ ‘ತಬೇಲಾ ಬೇಗಂ’ ಎಂದು ಹೆಸರಿಟ್ಟರು. ಮಾವ ರಾಜಾಸಾಬನಂತೂ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: “ಮಂದಿ ದನದ ಮನ್ಯಾಗ ಹುಟ್ಟಿ ಬಂಗಲೇಕ ಹೋಗ್ತಾರ. ನನ್ನ ಸೊಸಿ ಬಂಗಲೇದಾಗ ಹುಟ್ಟಿ ತಬೇಲಾಕ ಬಂದಾಳ ನೋಡ್ರಿ.”

ಸೊಸೆ–ಮಾವ ಒಮ್ಮತಕ್ಕೆ ಬಂದಿದ್ದು ಒಂದೇ ಒಂದು ವಿಷಯದಲ್ಲಿ, ಅದು ಈ ಹಗೇವು. ನೆಲ ಅಗೆಯುವಾಗ ನಡುಮನೆಯಲ್ಲೇ ಸಿಕ್ಕಿತು: ಕುದುರೆಗಳ ಕಾಳು ತುಂಬಿಡಲು ನೆಲದೊಳಗೆ ತೋಡಿದ ಕಣಜ, ಮೇಲೆ ಕಿರಿದಾದ ಬಾಯಿ, ಒಳಗೆ ಬಸುರಿಯ ಹೊಟ್ಟೆ, ಎರಡಾಳು ಆಳ. ಮುಚ್ಚಿಬಿಡೋಣ ಎಂದ ಜಹೀರ. ಹುಬ್ಬಳ್ಳಿಯ ವಾಸ್ತುಶಿಲ್ಪಿ ಕೈ ಅಡ್ಡ ಹಿಡಿದು, ಬಾಯಿ ಅಗಲ ಮಾಡಿಸಿ, ಮೇಲೆ ದಪ್ಪ ಗಾಜು ಕೂಡಿಸಿ, ಒಳಗೆ ದೀಪದ ಪಟ್ಟಿ ಸುತ್ತಿಸಿದ. ಬರಿದಾದ ಹಗೇವು ಮನೆಗೆ ಒಳ್ಳೆಯದಲ್ಲ, ಒಂದೆರಡು ಚೀಲ ಜೋಳವಾದರೂ ಬೀಳಲಿ ಎಂದು ರಾಜಾಸಾಬ ಹೇಳಿದಾಗ ಹಸೀಬಾ ಮೊದಲ ಬಾರಿಗೆ ಮಾವನ ಮಾತಿಗೆ ತಲೆದೂಗಿದಳು. ಅವನು ಶಕುನ ನೋಡಿದ್ದ, ಅವಳು ಬಣ್ಣ ನೋಡಿದ್ದಳು. ದೀಪದ ಬೆಳಕಿನಲ್ಲಿ ಬಿಳಿಜೋಳ ಮುತ್ತಿನ ರಾಶಿಯಂತೆ ಕಾಣುತ್ತಿತ್ತು.

ಮಳೆಗಾಲದಲ್ಲಿ ಹಗೇವಿನ ತಳಕ್ಕೆ ಎಲ್ಲಿಂದಲೋ ತೇವ ಬಂತು. ಗಾಜಿನ ಅಂಚಿನಿಂದ ಹುಳಿ ಹುಳಿ ವಾಸನೆ ಏಳತೊಡಗಿತು. ಹಸೀಬಾ ಅಂಚಿನ ಸುತ್ತ ಸಿಲಿಕಾನ್ ಬಳಿಸಿದಳು. ಆಮೇಲೂ ಬಂದ ಅಷ್ಟಿಷ್ಟು ವಾಸನೆಗೆ, ಗಾಜಿನ ಜಾಡಿಯೊಳಗಿನ ಲ್ಯಾವೆಂಡರ್ ಮೇಣದಬತ್ತಿ ತರಿಸಿ ಟೀಪಾಯಿಯ ಮೇಲೆ ಹಚ್ಚಿಟ್ಟಳು.

“ಭಾಬಿ, ಬಲ್ಬ್ ಕೆಟ್ಟಿಲ್ಲ. ವೈರ್ ಬಿಚ್ಚೇತಿ ಅಷ್ಟ. ಐದ ಮಿನಿಟಿನ ಕೆಲಸ,” ಎಂದವನು ಅಸ್ಲಮ, ಜಹೀರನ ತಮ್ಮ. ಆ ಮನೆಯಲ್ಲಿ ಕೆಡುವ ಎಲ್ಲವನ್ನೂ ರಿಪೇರಿ ಮಾಡುವವನು, ಎಲ್ಲರನ್ನೂ ನಗಿಸುವವನು, ಇದೆರಡನ್ನು ಬಿಟ್ಟು ಬೇರೆ ಉದ್ಯೋಗ ಇಲ್ಲದವನು. ಗೃಹಪ್ರವೇಶದ ದಿನ ನೂರು ಜನರ ಮುಂದೆ ಸ್ವಿಚ್ಚಿಗೆ ಕೈ ಹಚ್ಚಿ ಕರೆಂಟು ಹೊಡೆದವನ ಹಾಗೆ ನಡುಗಿ ನೆಲಕ್ಕುರುಳಿದ್ದ. ಹಸೀಬಾ ಕಿರುಚಿ, ಕೈಯಲ್ಲಿದ್ದ ಶರಬತ್ತಿನ ತಟ್ಟೆ ಬೀಳಿಸಿ, ಅವನು ಎದ್ದು ಸಲಾಂ ಹೊಡೆದಾಗ ಎಲ್ಲರೂ ನಕ್ಕಿದ್ದರು. ಇನ್ನೊಮ್ಮೆ ಇವನಿಗೆ ಬಲಿಯಾಗುವುದಿಲ್ಲ ಎಂದು ಅವಳು ಅಂದೇ ನಿರ್ಧರಿಸಿದ್ದಳು.

ಅಸ್ಲಮ ಚಾಕುವಿನಿಂದ ಸಿಲಿಕಾನ್ ಕೊಯ್ದ. ಜಹೀರ, ತೋಟದ ಆಳು ಮಾರೆಪ್ಪ ಇಬ್ಬರೂ ಸೇರಿ ಗಾಜನ್ನು ಎತ್ತಿ ಗೋಡೆಗೆ ಒರಗಿಸಿದರು. ವಾಸನೆ ಗಪ್ಪನೆ ಮೇಲೆದ್ದಿತು.

“ಏನ್ ಭಾಬಿ, ಒಳಗ ಸಾರಾಯಿ ಇಳಸಾಕ ಹತ್ತೀರೇನ? ಅಬ್ಬಾಗ ಹೇಳ್ತೀನಿ ತಡೀರಿ,” ಎಂದ ಅಸ್ಲಮ.

ಗುರುಬಸವ ನಕ್ಕ. ಜಹೀರ ಅಲ್ಯೂಮಿನಿಯಂ ಏಣಿ ತಂದು ಒಳಗೆ ಇಳಿಬಿಟ್ಟ.

ಹಗೇವಿನ ಬಾಯಿ ತೆರೆದ ದಿನ ಯಾರೂ ಒಳಗೆ ಇಳಿಯುವುದಿಲ್ಲ. ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಾನೆ. ಮುಗ್ಗಿದ ಕಾಳಿನ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಕೆಳಗೆ ಕೆರೆಯ ನೀರಿನಂತೆ ನಿಂತಿರುತ್ತದೆ. ಇದನ್ನು ಈ ಸೀಮೆಯಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ. ಕಾದ ಹಂಚು ಮುಟ್ಟಬಾರದೆಂದು ಯಾರು ಕಲಿಸುತ್ತಾರೆ? ರಾಜಾಸಾಬನ ಮಕ್ಕಳು ಹುಟ್ಟಿದ್ದು ಯಲಬುರ್ಗಾದ ಎರೆಸೀಮೆಯಲ್ಲಿ, ಓಣಿಗೊಂದು ಹಗೇವು ಇದ್ದ ಕಡೆ. ಗುರುಬಸವನ ಊರು ಕುಷ್ಟಗಿಯ ಹತ್ತಿರ. ಮಾರೆಪ್ಪ ಹರೆಯದಲ್ಲಿ ಹಗೇವು ತುಂಬುವ ಕೂಲಿಗೇ ಹೋಗಿದ್ದವನು. ನಡುಮನೆಯಲ್ಲಿ ನಿಂತವರಲ್ಲಿ ಈ ಮಾತು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಆದರೆ ಆರು ತಿಂಗಳಿಂದ ಅವರೆಲ್ಲ ಗಾಜಿನ ಮೇಲೆ ಚಪ್ಪಲಿ ಬಿಟ್ಟು ನಡೆದಾಡಿದ್ದರು, ಮಕ್ಕಳು ಅದರ ಮೇಲೆ ಬೋರಲು ಮಲಗಿ ಜೋಳ ನೋಡಿದ್ದರು. ವೈರು, ದೀಪ, ಸ್ವಿಚ್ಚು ಇರುವ ವಸ್ತು ಹಗೇವು ಹೇಗಾದೀತು?

ಅಸ್ಲಮ ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡು ಇಳಿದ. ಮೊದಲು ತಲೆ ಕಾಣುತ್ತಿತ್ತು, ಆಮೇಲೆ ಮಾತು ಮಾತ್ರ ಕೇಳುತ್ತಿತ್ತು. ಒಳಗೆ ಒಂದು ಬಾಡಿಗೆ ಮನೆ ಮಾಡಬಹುದು, ಗಾಳಿ ಬೆಳಕು ಇಲ್ಲ ಅನ್ನುವುದೊಂದೇ ಕೊರತೆ ಎಂದು ಹೇಳಿದ. ಮೊಬೈಲ್ ಬಿತ್ತು ಎಂದ. ಬಗ್ಗಿ ತೆಗೆದುಕೊಳ್ಳುತ್ತೇನೆ ಎಂದ.

ಆಮೇಲೆ ಏನೂ ಹೇಳಲಿಲ್ಲ.

ಗುರುಬಸವ ಲೆನ್ಸ್ ಒರೆಸುತ್ತಿದ್ದ. ಬಿಸಿಲಿನ ಬಿಲ್ಲು ನೆಲದ ಮೇಲೆ ಇಂಚಿಂಚು ಸರಿಯುತ್ತಿತ್ತು. ಹಸೀಬಾಳ ಕಣ್ಣು ಅದರ ಮೇಲೇ ಇತ್ತು.

“ಅಸ್ಲಮ, ಹತ್ತಿತೇನಪಾ?”

ಹಸೀಬಾ ಇನ್ನೊಮ್ಮೆ ಕೂಗಿದಳು.

“ಅಸ್ಲಮ, ಮಂದಿ ಬಂದಾರ. ಇವತ್ತ ಬ್ಯಾಡ ನಿನ್ನ ನಾಟಕ,” ಎಂದಳು. ದನಿಯಲ್ಲಿ ನಗು ಇರಲಿಲ್ಲ, ಭಯವೂ ಇರಲಿಲ್ಲ, ಸಿಟ್ಟು ಇತ್ತು. ಜಹೀರ ಮುಗುಳ್ನಗುತ್ತ, ಬಂದು ಒದೆಯುತ್ತೇನೆ ನೋಡು ಎಂದು ಒಳಗೆ ಬಗ್ಗಿದ. ಬಗ್ಗಿದವನು ಹಾಗೇ ನಿಂತ.

ಹಸೀಬಾಳೂ ಬಗ್ಗಿದಳು. ಜೋಳದ ಮೇಲೆ ಬಿದ್ದ ಮೊಬೈಲಿನ ಬೆಳಕು ಮೇಲ್ಮುಖವಾಗಿ ಉರಿಯುತ್ತಿತ್ತು. ಅಸ್ಲಮನ ಒಂದು ತೋಳು ಏಣಿಯ ಮೆಟ್ಟಿಲಿಗೆ ಕಂಕುಳವರೆಗೆ ಸಿಕ್ಕಿಕೊಂಡಿತ್ತು. ತಲೆ ಆ ತೋಳಿನ ಮೇಲೆ ವಾಲಿತ್ತು. ಇನ್ನೊಂದು ಕೈ, ಯಾರದೋ ಕೈಯ ಹಾಗೆ, ಕೆಳಗೆ ತೂಗುತ್ತಿತ್ತು. ಬಾಯಿಯಿಂದ ಟೆಸ್ಟರ್ ಬಿದ್ದುಹೋಗಿತ್ತು.

ಜಹೀರ ಏಣಿಗೆ ಕಾಲು ಹಾಕಿದ. ಹಾಕಿದ ಕಾಲು ಅಲ್ಲೇ ನಿಂತಿತು.

ರಾಜಾಸಾಬ ಯಾವಾಗ ಒಳಗೆ ಬಂದನೋ ಯಾರೂ ನೋಡಿರಲಿಲ್ಲ. ಸೊಸೆಯ ಸೋಫಾ ಮೊಣಕಾಲಿಗೆ ಆಗುವುದಿಲ್ಲವೆಂದು ಅವನು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದ. ಗಾಜು ಎತ್ತಿದ ವಾಸನೆ ಅಂಗಳಕ್ಕೆ ಮುಟ್ಟಿರಬೇಕು. ಈಗ ನೆಲಕ್ಕೆ ಬೋರಲು ಬಿದ್ದು, ಹಿರಿಯ ಮಗನ ಪಾದವನ್ನು ಬೂಟಿನ ಸಮೇತ ಎರಡೂ ಕೈಯಿಂದ ಹಿಡಿದಿದ್ದ.

“ಇಳಿಬ್ಯಾಡ.”

“ಅಬ್ಬಾ, ಬಿಡ್ರಿ. ಅಂವ ಸಾಯ್ತಾನ.”

“ಹೂಂ.”

“ಅಬ್ಬಾ, ಕೇಳಸ್ತೇನ? ಸಾಯಾಕ ಹತ್ಯಾನ ಅಂವ.”

“ಕೇಳಿಸ್ತು. ನೀ ಇಳದ್ರ ಇಬ್ಬರೂ ಸಾಯ್ತೀರಿ. ನಾ ಒಬ್ಬನ್ನ ಉಳಿಸ್ಕೊಂತೀನಿ.”

ಜಹೀರ ಕಾಲು ಝಾಡಿಸಿದ. ಮುದುಕನ ತಲೆ ಕಲ್ಲಿನ ಅಂಚಿಗೆ ತಾಕಿತು. ನಲವತ್ತು ವರ್ಷ ಲಾರಿಯ ಸ್ಟೇರಿಂಗ್ ಹಿಡಿದ ಕೈಗಳು ಸಡಿಲವಾಗಲಿಲ್ಲ. ಜಹೀರ ಇನ್ನೊಂದು ಕಾಲಿನಿಂದ ಅಪ್ಪನ ಹೆಗಲಿಗೆ ಒತ್ತಿ ನೂಕಿದ. ಅದು ಒದೆಯೋ ನೂಕುವುದೋ ಎಂದು ಆಮೇಲೆ ಯಾರೂ ಹೇಳಲಿಲ್ಲ. ಮಾರೆಪ್ಪ ಹಿಂದಿನಿಂದ ಬಂದು ಜಹೀರನ ನಡು ಹಿಡಿದ.

ಹಸೀಬಾಳಿಗೆ ಆಗ ನೆನಪಾಯಿತು. ತವರಿನ ಅಜ್ಜಿ ಕಾಳು ಹಸನು ಮಾಡುತ್ತ ಹೇಳುತ್ತಿದ್ದಳು: ಹಗೇವಿಗೆ ಮೊದಲು ಬಿದ್ದವನ ಹೆಸರು ಯಾರಿಗೂ ನೆನಪಿರುವುದಿಲ್ಲ, ಅವನನ್ನು ಎತ್ತಲು ಇಳಿದವರು ಎಷ್ಟು ಮಂದಿ ಎನ್ನುವುದು ನೆನಪಿರುತ್ತದೆ.

“ದೀಪ,” ಎಂದ ರಾಜಾಸಾಬ ನೆಲದ ಮೇಲಿಂದಲೇ, ತಲೆ ಎತ್ತದೆ. “ದೀಪ ಇಳಸ್ರಿ. ಕಂಬಳಿ ತಂದು ಗಾಳಿ ಹಾಕ್ರಿ.”

ಆ ಮನೆಯ ಕಮಾನು ಕಮಾನಿಗೂ ಒಂದೊಂದು ಹಳೆಯ ಕಂದೀಲು ತೂಗುತ್ತಿತ್ತು. ಹಸೀಬಾ ಊರೂರು ತಿರುಗಿ ಕೂಡಿಸಿದ್ದು. ಒಂದರಲ್ಲಿಯೂ ಬತ್ತಿ ಇರಲಿಲ್ಲ, ಎಲ್ಲದರಲ್ಲಿಯೂ ಬಲ್ಬು ಇತ್ತು. ಕುರುಬರು ನೇಯ್ದ ಕರಿಕಂಬಳಿಯೂ ಇತ್ತು, ಚೌಕಟ್ಟಿನೊಳಗೆ, ಗಾಜಿನ ಹಿಂದೆ, ಗೋಡೆಯ ಎತ್ತರದಲ್ಲಿ. ಇಡೀ ಮನೆಗೆ ಎ.ಸಿ. ಇತ್ತು, ಒಂದು ಟೇಬಲ್ ಫ್ಯಾನ್ ಇರಲಿಲ್ಲ. ಅವಳು ಕಣ್ಣಲ್ಲೇ ಮನೆಯನ್ನೆಲ್ಲ ಒಮ್ಮೆ ಸುತ್ತಿ ಬಂದಳು. ಇಷ್ಟು ಸುಂದರವಾದ ಮನೆಯಲ್ಲಿ ಒಬ್ಬ ಮನುಷ್ಯನನ್ನು ಉಳಿಸುವ ಒಂದು ವಸ್ತುವೂ ಕೈಗೆಟುಕುವಲ್ಲಿ ಇರಲಿಲ್ಲ.

ಟೀಪಾಯಿಯ ಮೇಲೆ ಲ್ಯಾವೆಂಡರ್ ಮೇಣದಬತ್ತಿ ಇತ್ತು.

ಅದನ್ನು ಜಾಡಿ ಸಮೇತ ತಾಮ್ರದ ಬಿಂದಿಗೆಯ ಪಕ್ಕದಲ್ಲಿದ್ದ ಸಣ್ಣ ಬಕೇಟಿಗೆ ಇಟ್ಟಳು. ಮಾರೆಪ್ಪ ಒಂದು ಕೈಯಲ್ಲಿ ಜಹೀರನನ್ನು ಹಿಡಿದೇ ಇನ್ನೊಂದು ಕೈಯಿಂದ ಬೀಡಿಯ ಕಡ್ಡಿಪೆಟ್ಟಿಗೆ ಎಸೆದ. ಬತ್ತಿ ಹಚ್ಚಿ, ಪರದೆಯ ರೇಶಿಮೆ ಹುರಿ ಕಿತ್ತು ಬಕೇಟಿಗೆ ಕಟ್ಟಿ ಇಳಿಬಿಟ್ಟಳು. ದೀಪ ಅಸ್ಲಮನ ತಲೆಯನ್ನು ದಾಟಿತು. ಹೆಗಲಿನ ಮಟ್ಟಕ್ಕೆ ಬರುತ್ತಲೇ ಯಾರೋ ಉಫ್ ಎಂದ ಹಾಗೆ ಆರಿತು.

“ಹೆಗಲ ಮಟ ನಿಂತೇತಿ,” ಎಂದಳು. “ಮುಖ ಮ್ಯಾಲ ಐತಿ. ಅಬ್ಬಾ, ಮುಖ ಮ್ಯಾಲ ಐತಿ.”

ರಾಜಾಸಾಬ ಏನೋ ಉರ್ದುವಿನಲ್ಲಿ ಹೇಳಿಕೊಂಡ. ಪ್ರಾರ್ಥನೆಯೋ ಬೈಗುಳವೋ ತಿಳಿಯಲಿಲ್ಲ. ಹಿಡಿತ ಬಿಡಲಿಲ್ಲ.

ಗುರುಬಸವ ಅಲ್ಲಿಯವರೆಗೆ ಕ್ಯಾಮೆರಾ ಎದೆಗವಚಿಕೊಂಡು ನಿಂತಿದ್ದ. ಈಗ ಅದನ್ನು ಗ್ವಾದಲಿಯ ಪುಸ್ತಕಗಳ ಮೇಲೆ ಒಗೆದು, ಬೆಳಕಿನ ಸ್ಟ್ಯಾಂಡಿಗೆ ಸಿಕ್ಕಿಸಿದ್ದ ದೊಡ್ಡ ಬಿಳಿ ಛತ್ರಿಯನ್ನು ಕಿತ್ತುಕೊಂಡು ಬಂದ. ನಮ್ಮೂರಲ್ಲಿ ಬಾವಿಗೆ ಹೀಗೇ ಮಾಡುತ್ತಾರೆ ಎಂದು ಯಾರಿಗೋ ಸಮಜಾಯಿಷಿ ಹೇಳುವವನಂತೆ ಹೇಳುತ್ತ, ಛತ್ರಿಯ ಕೋಲಿಗೆ ಇನ್ನೊಂದು ಪರದೆಯ ಹುರಿ ಬಿಗಿದು, ಏಣಿಯ ಪಕ್ಕದಲ್ಲಿ ಇಳಿಸಿ ಜಗ್ಗಿದ. ಇಳಿಸಿ ಜಗ್ಗಿದ. ಪ್ರತಿ ಸಲ ಜಗ್ಗಿದಾಗ ಹುಳಿ ವಾಸನೆ ಮುಖಕ್ಕೆ ರಾಚುತ್ತಿತ್ತು. ಒಂದು ಕಡ್ಡಿ ಮುರಿಯಿತು. ಮತ್ತೊಂದು ಮುರಿಯಿತು. ಹಸೀಬಾ ಸೆರಗಿನಿಂದ ಬಾಯಿ ಕಟ್ಟಿಕೊಂಡು ಅವನ ಎದುರಿಗೆ ಕೂತು, ಹುರಿಗೆ ತಾನೂ ಕೈ ಹಾಕಿದಳು. ಜಹೀರ ಈಗ ಒದ್ದಾಡುತ್ತಿರಲಿಲ್ಲ. ಹಗೇವಿನ ಅಂಚಿನಲ್ಲಿ ಕೂತು ತಮ್ಮನ ಹೆಸರು ಕೂಗುತ್ತಿದ್ದ, ಬಸ್ಸು ತಪ್ಪಿಸಿಕೊಳ್ಳುತ್ತಾನೆಂದು ನಿದ್ದೆಯಿಂದ ಎಬ್ಬಿಸುವವನ ಹಾಗೆ. ಅವನ ಪಾದ ಅಪ್ಪನ ಎದೆಗೆ ಒತ್ತಿಕೊಂಡಿತ್ತು.

“ಮತ್ತ ದೀಪ,” ಎಂದ ರಾಜಾಸಾಬ.

ಮತ್ತೆ ಹಚ್ಚಿ ಇಳಿಸಿದರು. ತಲೆ ದಾಟಿತು, ಹೆಗಲು ದಾಟಿತು, ಸೊಂಟದ ಹತ್ತಿರ ಉರಿ ಸಣ್ಣದಾಗಿ ನೀಲಿಯಾಯಿತು. ಮೇಲೆ ಎತ್ತಿದರು. ಮತ್ತೆ ಛತ್ರಿ. ಅದು ಛತ್ರಿಯಾಗಿ ಉಳಿದಿರಲಿಲ್ಲ, ಅಸ್ಥಿಪಂಜರಕ್ಕೆ ಸಿಕ್ಕಿದ ಬಟ್ಟೆಯಾಗಿತ್ತು. ಮತ್ತೆ ದೀಪ. ಈ ಸಲ ಬಕೇಟು ಜೋಳಕ್ಕೆ ತಾಗಿ ವಾಲಿತು. ದೀಪ ಅಲುಗಿ, ನೆಟ್ಟಗಾಯಿತು.

ಮಾರೆಪ್ಪ ಓಡಿ ತೋಟದ ಬಾವಿಯ ಹಗ್ಗ ತಂದು ಜಹೀರನ ನಡುವಿಗೆ ಬಿಗಿದ, ಇನ್ನೊಂದು ತುದಿಯನ್ನು ಕಂಬಕ್ಕೆ ಸುತ್ತಿದ. ಮಾವ ಆಗಲೂ ಬಿಡಲಿಲ್ಲವೆಂದೋ, ಬಿಡುವಂತೆ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲವೆಂದೋ, ಜಹೀರ ಪಾದವನ್ನು ಬೂಟಿನಿಂದ ಎಳೆದುಕೊಂಡು ಇಳಿದುಹೋದ. ಕೆಳಗಿನಿಂದ ಅವನ ದನಿ ಬರುತ್ತಲೇ ಇರಬೇಕೆಂದು ಹಸೀಬಾ ಕೂಗಿದಳು. ಅವನು ಏನು ಹೇಳಲೂ ತೋಚದೆ ಒಂದು, ಎರಡು ಎಂದು ಎಣಿಸತೊಡಗಿದ. ಎಣಿಕೆ ಇನ್ನೂ ಇಪ್ಪತ್ತು ಮುಟ್ಟಿರಲಿಲ್ಲ, ತಮ್ಮನನ್ನು ಅವುಚಿಕೊಂಡು ಜಗ್ಗಿರಿ ಎಂದ.

ಅಸ್ಲಮನನ್ನು ಬಿಸಿಲಿನ ಬಿಲ್ಲುಗಳ ನಡುವೆ ಮಲಗಿಸಿದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಗುರುಬಸವ ಎದೆಗೆ ಕಿವಿ ಹಚ್ಚಿ, ಇನ್ನೂ ಬಡಿದುಕೊಳ್ಳುತ್ತಿದೆ ಎಂದ. ಆಂಬುಲೆನ್ಸಿಗೆ ಕಾಯದೆ ಅವನ ಕಾರಿನಲ್ಲೇ ಹಾಕಿಕೊಂಡು ಕೊಪ್ಪಳಕ್ಕೆ ಹೊರಟರು. ಇರಕಲ್ಲಗಡ ದಾಟುವಾಗ ಅಸ್ಲಮ ಒಮ್ಮೆ ಕೆಮ್ಮಿದ. ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹಸೀಬಾ, ಇದು ನಾಟಕವಾಗಿರಲಿ, ಎದ್ದು ಸಲಾಂ ಹೊಡೆಯಲಿ ಎಂದು ಕಾದಳು. ಅವನು ಹೊಡೆಯಲಿಲ್ಲ. ಇನ್ನೊಮ್ಮೆ ಕೆಮ್ಮಿದ.

ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ವೈದ್ಯರು ಹೊರಗೆ ಬಂದು ಪ್ರಾಣಕ್ಕೆ ಅಪಾಯವಿಲ್ಲ, ಎರಡು ದಿನ ಇರಲಿ ಎಂದರು. ದಾದಿ ಜಹೀರನ ಬರಿಗಾಲು ನೋಡಿ, ನಿಮಗೂ ಏನಾದರೂ ಆಗಿದೆಯೇ ಎಂದು ಕೇಳಿದಳು. ಬೂಟಿನ ಅಂಚು ಇದ್ದಲ್ಲಿಂದ ಮೇಲೆ, ಕಣಕಾಲಿನ ಸುತ್ತ ಉಗುರಿನ ಗುರುತು ಸಾಲಾಗಿ ನೀಲಿಗಟ್ಟಿತ್ತು. ಜಹೀರ ಪ್ಯಾಂಟನ್ನು ಕೆಳಗೆಳೆದುಕೊಂಡು, ಏನೂ ಆಗಿಲ್ಲ ಎಂದ. ಇಡೀ ದಿನದಲ್ಲಿ ಅಪ್ಪನ ಸುದ್ದಿಯನ್ನು ಅವನು ಎತ್ತಲಿಲ್ಲ. ಫೋನು ಮಾಡಿ ಎಂದು ಹಸೀಬಾ ಎರಡು ಸಲ ಹೇಳಿದಾಗ ಎರಡು ಸಲವೂ ಫೋನು ತೆಗೆದು ನೋಡಿ ಕಿಸೆಗಿಟ್ಟ.

ಬಟ್ಟೆಬರೆ ತರಲೆಂದು ಅವಳೊಬ್ಬಳೇ ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಬಿಸಿಲು ಈಗ ಪಡುವಣ ಕಮಾನುಗಳಿಂದ ಬಂದು ಬೆಳಗಿನ ಬಿಲ್ಲುಗಳನ್ನು ಎದುರು ಗೋಡೆಯ ಮೇಲೆ ಬರೆದಿತ್ತು. ಚಿತ್ರ ತೆಗೆದಿದ್ದರೆ ಇದು ಇನ್ನೂ ಚೆನ್ನಾಗಿ ಬರುತ್ತಿತ್ತು. ಗಾಜು ಗೋಡೆಗೆ ಒರಗಿಯೇ ಇತ್ತು. ಮುರಿದ ಛತ್ರಿ ಸೋಫಾದ ಮೇಲೆ ಬಿದ್ದಿತ್ತು.

ರಾಜಾಸಾಬ ಹಗೇವಿನ ಅಂಚಿನಲ್ಲಿ, ಅವರು ಬಿಟ್ಟುಹೋದ ಜಾಗದಲ್ಲೇ, ಗೋಡೆಗೆ ಬೆನ್ನು ಕೊಡದೆ ಕೂತಿದ್ದ. ಮಾರೆಪ್ಪ ತಂದಿಟ್ಟ ಚಹಾ ಪಕ್ಕದಲ್ಲಿ ಕೆನೆಗಟ್ಟಿತ್ತು. ಹಣೆಯ ಮೇಲೆ ಒಣಗಿದ ರಕ್ತದ ಗೆರೆ ಇತ್ತು. ಮಾರೆಪ್ಪನ ಫೋನಿಗೆ ಸುದ್ದಿ ಬಂದಿತ್ತು. ಆದರೂ ಅವಳ ಬಾಯಿಂದ ಕೇಳಬೇಕೆಂಬಂತೆ ನೋಡಿದ.

“ಆರಾಮ ಅದಾನ್ರಿ ಅಬ್ಬಾ,” ಎಂದಳು. “ಮಾತಾಡಿದ.”

“ಏನಂದ?”

“ಭೈಯಾನ ಕಾಲಾಗ ಒಂದ ಬೂಟ ಯಾಕೈತಿ ಅಂತ ಕೇಳಿದ.”

ರಾಜಾಸಾಬನ ಕಣ್ಣು ತನ್ನ ಮಡಿಲಿಗೆ ಇಳಿಯಿತು.

“ಜಹೀರ ಏನ ಹೇಳಿದ?”

“ಏನೂ ಹೇಳಲಿಲ್ರಿ.”

ಮುದುಕ ತಲೆಯಾಡಿಸಿದ. ಹಸೀಬಾ ಅವನ ಎದುರು ನೆಲದ ಮೇಲೆ ಕೂತಳು. ಬೂಟು ಅವನ ಮಡಿಲಲ್ಲಿತ್ತು, ಹಿಮ್ಮಡಿಯ ಕಡೆ ಮಡಿಚಿಹೋಗಿತ್ತು. ಎರಡೂ ಕೈ ಇನ್ನೂ ಅದನ್ನು ಸುತ್ತಿಕೊಂಡಿದ್ದವು, ಗೆಣ್ಣುಗಳು ಬೆಳ್ಳಗಾಗಿದ್ದವು. ಕೊಡಿರಿ ಎಂದು ಅವಳು ಕೈ ಚಾಚಿದಳು. ಕೊಡುವ ಮನಸ್ಸಿನಿಂದ ಅವನೂ ಕೈಯನ್ನು ಮುಂದೆ ತಂದ. ಬೆರಳುಗಳು ಬಿಚ್ಚಲಿಲ್ಲ. ಅವನು ತನ್ನ ಕೈಗಳನ್ನು, ಮಾತು ಕೇಳದ ಮಕ್ಕಳನ್ನು ನೋಡುವಂತೆ, ನೋಡಿದ.

ಹಸೀಬಾ ಕಿರುಬೆರಳಿನಿಂದ ಶುರು ಮಾಡಿದಳು. ಒಂದನ್ನು ಬಿಡಿಸಿ ನೇರ ಮಾಡಿ, ಅದು ಮತ್ತೆ ಮಡಿಚದಂತೆ ತನ್ನ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದಕ್ಕೆ ಹೋದಳು. ಅವರಿಬ್ಬರ ನಡುವೆ, ಕೆಳಗೆ ಜೋಳದ ಮೇಲೆ, ಬೆಳಿಗ್ಗೆ ಇಳಿಸಿದ ಮೇಣದಬತ್ತಿ ಜಾಡಿಯ ತಳ ಮುಟ್ಟಿ ಇನ್ನೂ ಉರಿಯುತ್ತಿತ್ತು.